ಖದಾನ್ ಬಿಲ್ಡಿಂಗಿನ ಚಂದ್ರವ್ವ

ಕುರ್ಲಾದಿಂದ ಚೆಂಬೂರಿನ ಕಡೆಗೆ ಹೋಗುವ ದಾರಿಯಲ್ಲಿ ವೇಲಜಿ ಚೇಂಬರ್ಸ್ ಎಂಬ ಕಟ್ಟಡವೊಂದಿದೆ. ಆ ಹೆಸರು ಹೇಳಿದರೆ ರಿಕ್ಷಾದವನಿಗೆ ತಿಳಿಯುವುದಿಲ್ಲ. ಖದಾನ್ ಬಿಲ್ಡಿಂಗ್ ಎಂದರೆ ಮರುಮಾತಿಲ್ಲದೆ ಮೀಟರ್ ಹಾಕುತ್ತಾನೆ. ಖದಾನ್ ಎಂದರೆ ಕಲ್ಲುಗಣಿ. ಸುತ್ತ ಎಲ್ಲಿ ಕಣ್ಣು ಹಾಯಿಸಿದರೂ ಗಣಿಯ ಗುರುತಿಲ್ಲ. ಅಂಗಡಿ, ಚಾಳು, ಟೆಂಪೋ, ಜನ. ಆ ಹೆಸರು ಎಲ್ಲಿಂದ ಬಂತೆಂದು ಅಲ್ಲಿ ಅಂಗಡಿ ಇಟ್ಟವರೂ ಕೇಳಿದವರಲ್ಲ. ಕೇಳಿದ್ದರೆ ಹೇಳುವವಳು ಅಲ್ಲೇ ಇದ್ದಳು.

ಚಂದ್ರವ್ವನ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಸೊಸೈಟಿಯ ಕಾಗದದಲ್ಲಿ ಅವಳು ಸಫಾಯಿಯವಳು. ಆದರೆ ಬೆಳಿಗ್ಗೆ ಆರಕ್ಕೆ ಗೇಟು ತೆಗೆಯುವವಳು ಅವಳೇ, ನೀರಿನ ಪಂಪು ಹಾಕುವವಳು ಅವಳೇ. ಮೂವತ್ತಾರು ಗಾಲಾಗಳ, ಅಂದರೆ ಸಣ್ಣ ಸಣ್ಣ ಅಂಗಡಿ, ಕಾರ್ಖಾನೆಗಳ ಬೀಗದ ಕೈಗಳ ಇನ್ನೊಂದು ಜೋಡಿ ಇರುವುದು ಅವಳ ಸೊಂಟದಲ್ಲೇ. ಮೂರನೇ ಮಹಡಿಯವನು ಕಸವನ್ನು ಮೆಟ್ಟಿಲಿಗೆ ಸುರಿದರೆ ಅದನ್ನು ಮತ್ತೆ ಅವನ ಬಾಗಿಲಲ್ಲೇ ಸುರಿದು ಬರುವವಳೂ ಅವಳೇ. ಅರವತ್ತೆರಡು ವರ್ಷ, ಕುಳ್ಳು ಮೈ, ದಪ್ಪ ಮುಂಗೈ. ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದವಳು ಎರಡು ವರ್ಷದ ಕೂಸಾಗಿದ್ದಾಗ ತಾಯಿಯ ಸೊಂಟದ ಮೇಲೆ ಮುಂಬಯಿಗೆ ಬಂದಳು. ಕನ್ನಡವನ್ನು ಮನೆಯಲ್ಲಿ ಕಲಿತಳು, ಹಿಂದಿಯನ್ನು ಗಣಿಯಲ್ಲಿ. ಮರಾಠಿ ಓದುವುದನ್ನು ಮಾತ್ರ ಇದೇ ಕಟ್ಟಡದ ಬೋರ್ಡುಗಳನ್ನು ಒರೆಸುತ್ತ ಒರೆಸುತ್ತ ಕಲಿತಳು.

ಅವಳ ತಂದೆ ಅಣವೀರಪ್ಪ ಕಲ್ಲಿಗೆ ತೂತು ಕೊರೆದು ಮದ್ದು ತುಂಬಿ ಸುರಂಗ ಹಾರಿಸುವವನಾಗಿದ್ದ. ಊರಿಂದ ಬಂದ ಮೂವತ್ತು ಮನೆಯವರು ಗಣಿಯ ಅಂಚಿನಲ್ಲೇ ತಗಡು ಹೊದಿಸಿಕೊಂಡು ಇದ್ದರು. ಗಣಿಯ ಗುತ್ತಿಗೆ ಹಿಡಿದಿದ್ದ ವೇಲಜಿ ಸೇಠ ಗುಜರಾತಿನ ಕಚ್ಛದವನು. ಮುಂಬಯಿ ಆಗ ಉತ್ತರಕ್ಕೆ ಬೆಳೆಯುತ್ತಿತ್ತು, ಎಷ್ಟು ಖಡಿ, ಅಂದರೆ ಜಲ್ಲಿಕಲ್ಲು, ಒಡೆದರೂ ಸಾಲುತ್ತಿರಲಿಲ್ಲ. ಗುಂಡಿ ವರ್ಷದಿಂದ ವರ್ಷಕ್ಕೆ ಪೂರ್ವಕ್ಕೆ ಅಗಲವಾಗುತ್ತ ಹೋಯಿತು. ಪಶ್ಚಿಮದ ಒಂದು ಭುಜವನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಅದನ್ನೂ ಒಡೆಯೋಣ ಎಂದು ಸೇಠ ಹೇಳಿದ ದಿನ ಅಣವೀರಪ್ಪ ಸುತ್ತಿಗೆ ಕೆಳಗಿಟ್ಟ.

"ಸೇಠ್, ಯೆ ಕಂಧಾ ಮತ್ ಕಾಟೋ. ಯೆ ಗಯಾ ತೋ ಗಾಡಿ ಊಪರ್ ಕೈಸಾ ಆಯೇಗಾ?"

ಲಾರಿಗಳು ಗುಂಡಿಯಿಂದ ಮೇಲೇರುತ್ತಿದ್ದುದು ಆ ಬಂಡೆಯ ಭುಜದ ಮೇಲೆಯೇ, ಅದನ್ನು ಕಡಿದರೆ ಬೇರೆ ದಾರಿ ಇರಲಿಲ್ಲ. ಸೇಠ ಒಂದು ವಾರ ಯೋಚಿಸಿದ. ಆಮೇಲೆ ಲಾರಿಗೆ ದಾರಿ ಬಿಟ್ಟು, ಉಳಿದ ಬಂಡೆಯ ಮೇಲೆ ತನ್ನ ಕಚೇರಿ ಕಟ್ಟಿಸಿದ. ಕೆಳಗೆ ಗದ್ದಿಗೆ ಹಾಸಿ ವ್ಯವಹಾರ ನಡೆಸುವ ಪೇಢಿ, ಮೇಲೆ ಉದ್ದನೆಯ ಹಾಲು, ಎರಡು ಮೊಳ ದಪ್ಪದ ಕರಿಕಲ್ಲಿನ ಗೋಡೆ. ಕಲ್ಲು ಗಣಿಯದೇ, ಕೈ ಊರಿನವರದೇ. ಚಂದ್ರವ್ವನಿಗೆ ಆಗ ಆರು ವರ್ಷ. ಮಧ್ಯಾಹ್ನ ಮತ್ತು ಸಂಜೆ ಸುರಂಗ ಹಾರಿಸುವ ಮುಂಚೆ ಮೇಲಿನ ಕಿಟಕಿಯಿಂದ ಕೆಂಪು ಬಟ್ಟೆ ಇಳಿಬಿಡುತ್ತಿದ್ದರು. ಅದು ಕಂಡೊಡನೆ ಚಿಕ್ಕ ಮಕ್ಕಳನ್ನೆಲ್ಲ ಗುಡ್ಡೆಹಾಕಿ ಆ ಗೋಡೆಯ ಮರೆಗೆ ಓಡಿಸಿಕೊಂಡು ಹೋಗುವುದು ಅವಳ ಕೆಲಸ. ನೆಲ ನಡುಗುತ್ತಿತ್ತು, ಗೋಡೆ ಅಲ್ಲಾಡುತ್ತಿರಲಿಲ್ಲ. ಹನ್ನೊಂದು ತುಂಬಿದ ಮೇಲೆ ತಾನೂ ಖಡಿಯ ಬುಟ್ಟಿ ಹೊತ್ತು ಆ ದಾರಿ ಹತ್ತಿ ಇಳಿದಳು.

ಅವಳಿಗೆ ಹದಿನೇಳಾದಾಗ ಗಣಿ ಮುಚ್ಚಿತು. ಮನೆಗಳು ಹತ್ತಿರ ಬಂದಿದ್ದವು, ಸುರಂಗದ ಸದ್ದಿಗೆ ಜನ ತಕರಾರು ಮಾಡಿದ್ದರು. ಅಣವೀರಪ್ಪ ಅದನ್ನು ಹೆಚ್ಚು ದಿನ ನೋಡಲಿಲ್ಲ. ಎದೆಯೊಳಗೆ ಕಲ್ಲಿನ ಧೂಳು ಕೂತು ನಲವತ್ತೆಂಟಕ್ಕೇ ಹೋದ. ಗುಂಡಿಯನ್ನು ತುಂಬಲು ಐದು ವರ್ಷ ಹಿಡಿಯಿತು. ಗಿರಣಿಗಳ ಬೂದಿ, ಬಿದ್ದ ಚಾಳುಗಳ ಇಟ್ಟಿಗೆ, ಹರಿದ ಟೈರು, ಏನು ಸಿಕ್ಕರೆ ಅದು. ತುಂಬಿ ಮಟ್ಟವಾದ ನೆಲದ ಮೇಲೆ ವೇಲಜಿಯ ಮಕ್ಕಳು ನಾಲ್ಕು ಮಹಡಿಯ ಸಿಮೆಂಟ್ ಕಟ್ಟಡ ಎಬ್ಬಿಸಿ, ಹಳೆಯ ಕಲ್ಲಿನ ಕಟ್ಟಡಕ್ಕೆ ಮೇಲೆ ಮುಚ್ಚಿದ ಒಂದು ಓಣಿಯಿಂದ ಸೇರಿಸಿದರು. ಹಳೆಯದು ಮುಂಭಾಗವಾಯಿತು, ಹೊಸದು ಹಿಂಭಾಗ; ಎರಡಕ್ಕೂ ಒಂದೇ ಬಣ್ಣ ಬಳಿದರು. ಹತ್ತು ವರ್ಷದಲ್ಲಿ ಅದು ಒಂದೇ ಕಟ್ಟಡವೆಂದು ಎಲ್ಲರೂ ನಂಬಿದರು.

ಚಂದ್ರವ್ವ ಅಲ್ಲಿ ನೀರು ತುಂಬುವವಳಾಗಿ ಸೇರಿದಳು. ಪೇಢಿ ಇದ್ದಲ್ಲಿ ಕೊರಗಪ್ಪ ಶೆಟ್ಟರ ಹೋಟೆಲು ಬಂತು. ಟೈಪಿಂಗ್ ಕ್ಲಾಸು ಬಂತು, ಹೋಯಿತು, ಅದೇ ಕೋಣೆಗೆ ಎಸ್‌ಟಿಡಿ ಬೂತು ಬಂತು, ಆಮೇಲೆ ಮೊಬೈಲ್ ರಿಪೇರಿ. ಹಿಂದಿನ ಭಾಗದಲ್ಲಿ ಹೊಲಿಗೆಯವರು, ಛಾಪಖಾನೆ, ಕೊರಿಯರ್, ಟ್ಯೂಷನ್. ಸೇಠನ ವಂಶದವರು ಗಾಲಾಗಳನ್ನು ಮಾರಿ ಘಾಟ್ಕೋಪರಿಗೆ ಹೋದರು. ಗಂಡ ಶಾಂತಪ್ಪ ತೀರಿಕೊಂಡ ಮೇಲೆ ಚಂದ್ರವ್ವ ಹಿಂಭಾಗದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಉಳಿದಳು. ಡೊಂಬಿವಲಿಯಲ್ಲಿರುವ ಮಗಳು ಸಪ್ನಾ ಪ್ರತಿ ಭಾನುವಾರ ಫೋನು ಮಾಡಿ, "ಮಮ್ಮೀ, ಆ ಜಾ ನಾ ಇಧರ್, ಸಾಕು ಮಾಡು ಕೆಲಸ" ಎನ್ನುತ್ತಿದ್ದಳು. "ಇಲ್ಲಿ ಪಂಪ ಯಾರ ಹಾಕ್ತಾರ?" ಎನ್ನುವುದು ಇವಳ ಉತ್ತರ.

ಎರಡು ಸಾವಿರದ ಇಪ್ಪತ್ತಮೂರರ ಜುಲೈ ತಿಂಗಳ ಮಳೆಯಲ್ಲಿ ಓಣಿಯ ನೆಲ ಬಿರಿಯಿತು. ಮೊದಲು ಕೂದಲೆಳೆ, ಆಮೇಲೆ ಬೆರಳು ಹೋಗುವಷ್ಟು. ಒಂದು ಮಧ್ಯಾಹ್ನ ಹಿಂಭಾಗದ ಎರಡನೇ ಮಹಡಿಯ ಚಾವಣಿಯಿಂದ ಪ್ಲಾಸ್ಟರು ಕಳಚಿ ಬಿತ್ತು. ಕೆಳಗೆ ಆಗ ಯಾರೂ ಇರಲಿಲ್ಲ. ಸೊಸೈಟಿಯವರು ಒಂದು ಕಂಪನಿಯನ್ನು ಕರೆಸಿ ಕಟ್ಟಡ ಪರೀಕ್ಷೆ ಮಾಡಿಸಿದರು. ತಿಂಗಳಾದ ಮೇಲೆ ವರದಿ ಬಂತು. ಇಡೀ ಜಾಗ ಹಳೆಯ ಗಣಿಯ ಭರ್ತಿ ನೆಲ, ಇಡೀ ಕಟ್ಟಡ ಅಪಾಯಕಾರಿ, ಎಲ್ಲರೂ ಖಾಲಿ ಮಾಡಬೇಕು, ಪೂರ್ತಿ ಕೆಡವಬೇಕು.

ಸಭೆ ಕೂಡಿದ್ದು ಹೋಟೆಲಿನಲ್ಲಿ, ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ. ಕೊರಗಪ್ಪ ಶೆಟ್ಟರ ಮಗ ಪ್ರಶಾಂತ ಶೆಟ್ಟರೇ ಈಗ ಹೋಟೆಲಿನ ಧಣಿ, ಸೊಸೈಟಿಯ ಚೇರ್ಮನ್ ಕೂಡ. ಬಿಲ್ಡರ್ ಕಡೆಯವನೊಬ್ಬ ಬಿಳಿ ಅಂಗಿ ತೊಟ್ಟು ಬಂದಿದ್ದ. ಇಪ್ಪತ್ತೆರಡು ಮಹಡಿಯ ಗಾಜಿನ ಕಟ್ಟಡದ ಚಿತ್ರವನ್ನು ಮೇಜಿನ ಮೇಲೆ ಹರಡಿದ. ಐದು ವರ್ಷ ಬೇರೆ ಕಡೆ ಇರಿ, ಬಂದಾಗ ಹೊಸ ಗಾಲಾ ತಗೊಳ್ಳಿ ಎಂದ. ಕೆಲವರ ಕಣ್ಣರಳಿತು. ಇನ್ನು ಕೆಲವರು ಐದು ವರ್ಷ ಬಾಗಿಲು ಮುಚ್ಚಿದರೆ ಗಿರಾಕಿ ಎಲ್ಲಿ ಉಳಿಯುತ್ತಾರೆಂದು ಮುಖ ಸಣ್ಣ ಮಾಡಿದರು. ಸಾಬರ ಛಾಪಖಾನೆಯ ಮುದುಕ ವರದಿಯ ಮೊದಲ ಪುಟವನ್ನು ಗಟ್ಟಿಯಾಗಿ ಓದಿ ಹಿಂದಿಯಲ್ಲಿ ವಿವರಿಸಿದ.

ಬಾಗಿಲಿಗೆ ಆನಿಕೊಂಡು ನಿಂತಿದ್ದ ಚಂದ್ರವ್ವ, "ಶೆಟ್ರ, ಅದು ಸುಳ್ಳ ಐತಿ" ಎಂದಳು.

ಕನ್ನಡ ತಿಳಿದ ನಾಲ್ಕು ಜನ ತಿರುಗಿದರು, ಅವರನ್ನು ನೋಡಿ ಉಳಿದವರೂ ತಿರುಗಿದರು.

"ಎಂತ ಸುಳ್ಳು?" ಎಂದರು ಶೆಟ್ಟರು.

"ಇಡೀ ಜಾಗಾ ಭರ್ತಿ ಅಂತ ಬರದಾರಲ್ಲ, ಅದು. ಹಿಂದಿನ ಅರ್ಧ ಕಚರಾದ ಮ್ಯಾಲ ಐತಿ, ಖರೆ. ಮುಂದಿನ ಅರ್ಧ ಬಂಡಿಗಲ್ಲಿನ ಮ್ಯಾಲ ಐತಿ. ಇಲ್ಲಿ ಕುಂತೀರಲ್ಲ, ನಿಮ್ಮ ಕುರ್ಚಿ ಕೆಳಗ ಬಂಡಿ."

ಮಾತು ಏನೆಂದು ತಿಳಿದಾಗ ಬಿಳಿ ಅಂಗಿಯವನು ನಕ್ಕ. "ಬಾಯಿ, ಆಪ್ ಕೋ ಇಂಜಿನಿಯರಿಂಗ್ ಕಬ್ ಸೇ ಆತಾ ಹೈ?"

"ಇಂಜಿನಿಯರಿಂಗ್ ನಹೀ ಆತಾ," ಎಂದಳು ಚಂದ್ರವ್ವ. "ಖಡ್ಡಾ ಕಿಧರ್ ಥಾ, ಓ ಮಾಲೂಮ್ ಹೈ."

ಗುಂಡಿ ಎಲ್ಲಿತ್ತೆಂದು ಗೊತ್ತು ಎಂಬ ಮಾತಿಗೆ ಯಾರೋ ಕಿಸಕ್ಕೆಂದರು. ನಗು ಬಿಳಿ ಅಂಗಿಯವನ ಮೇಲೆ ತಿರುಗಿತ್ತು. ಅವನು ನಕಾಶೆ ಇದೆ, ಕಾಗದ ಇದೆ ಎಂದ. ಚಂದ್ರವ್ವ ಅವನನ್ನು ಬಿಟ್ಟು ಶೆಟ್ಟರ ಕಡೆ ನೋಡಿದಳು.

"ಆ ಕಾಗದ ಹುಟ್ಟೂದ್ರಾಗ ಖಣಿ ತುಂಬಿ ಹೋಗಿತ್ರಿ. ನಾ ತುಂಬೂಕಿಂತ ಮೊದಲ ಅದರಾಗ ಇಳದಾಕಿ. ತಲಿಮ್ಯಾಲ ಬುಟ್ಟಿ ಹೊತ್ತು ಹತ್ತಿ ಬಂದಾಕಿ. ನಿಮ್ಮಪ್ಪ ಅಡಗಿಮನ್ಯಾಗ ರುಬ್ಬೂ ಕಲ್ಲ ಕೂಡಿಸಾಕ ಕುಣಿ ತೆಗಸಾಕ ಹೋದಾಗ ಎರಡು ಹಾರಿ ಮುರದಾವು. ಕೇಳಿಲ್ಲೇನ ನೀವು?"

ಶೆಟ್ಟರು ಕೇಳಿದ್ದರು. ಅಪ್ಪ ಆ ಕಥೆಯನ್ನು ಎಷ್ಟೋ ಸಲ ಹೇಳಿದ್ದರು. ಕಡೆಗೆ ಕುಣಿ ಬಿಟ್ಟು ಕಟ್ಟೆ ಕಟ್ಟಿಸಿದ್ದರಂತೆ. ಅವರು ಗಲ್ಲ ಕೆರೆದುಕೊಂಡರು.

"ಚಂದ್ರಕ್ಕ, ಖಂಡಿತಾ ಗೊತ್ತುಂಟಲ್ಲ? ಇಷ್ಟು ಜನರ ಹೊಟ್ಟೆಪಾಡಿನ ವಿಷಯ ಮಾರಾಯ್ರೆ. ಆಮೇಲೆ ಹೀಗಲ್ಲ ಹಾಗೆ ಅಂತ ಆಗಬಾರದು."

"ಅಗದ ನೋಡ್ರಿ. ಬಂಡಿ ಸಿಗಲಿಲ್ಲ ಅಂದ್ರ ನನ್ನ ಕೈಲೆನ ಎಲ್ಲಾ ಗಾಲಾದ ಕೀಲಿ ತಗೀತೀನಿ, ಖಾಲಿ ಮಾಡ್ರಿ."

ಇನ್ನೊಮ್ಮೆ ಪರೀಕ್ಷೆ ಮಾಡಿಸುವುದೆಂದು ಸಭೆ ಒಪ್ಪಿತು. ಹೊಸ ಇಂಜಿನಿಯರ್ ಮೂವತ್ತರ ಒಳಗಿನ ಹುಡುಗಿ, ಲಾವಣ್ಯಾ. ಚೆಂಬೂರಿನಲ್ಲೇ ಹುಟ್ಟಿ ಬೆಳೆದವಳು, ಮೂಲ ಉಡುಪಿ ಕಡೆ. ತಲೆಗೆ ಹಳದಿ ಟೊಪ್ಪಿ, ಕೈಯಲ್ಲಿ ಟ್ಯಾಬು.

"ಆಂಟಿ, ನಂಗೆ ಕನ್ನಡ ಅರ್ಥ ಆಗ್ತದೆ," ಎಂದಳು ಅವಳು. "ಮಾತಾಡುವಾಗ ಥೋಡಾ ಮಿಕ್ಸ್ ಆಗ್ತದೆ, ನೀವು ನಗಾಡಬಾರದು."

"ನಗೂದಿಲ್ಲ ತಂಗಿ. ನಿನಗ ಎಲ್ಲಿ ತೂತು ಹಾಕಬೇಕ ಅದನ್ನ ಕೇಳು."

ಲಾವಣ್ಯಾ ಮೊದಲನೆಯ ಬೋರನ್ನು ತಾನೇ ಗೊತ್ತುಮಾಡಿದಳು, ಮುಂಭಾಗದ ಮೆಟ್ಟಿಲ ಎಡಕ್ಕೆ, ಯಂತ್ರ ನಿಲ್ಲಿಸಲು ಅನುಕೂಲವಾದ ಜಾಗ. ಬೆಳಿಗ್ಗೆ ಹತ್ತಕ್ಕೆ ಯಂತ್ರ ಗುಡುಗತೊಡಗಿತು. ಅಂಗಡಿಯವರೆಲ್ಲ ಸುತ್ತ ನಿಂತರು. ಐದು ಅಡಿ ಹೋಯಿತು, ಮಣ್ಣು. ಹತ್ತು ಅಡಿ, ಮಣ್ಣು. ಇಪ್ಪತ್ತು ಅಡಿಗೆ ಕಪ್ಪು ಕೆಸರು, ಇಟ್ಟಿಗೆಯ ಚೂರು. ಬಂಡೆಯ ಸುಳಿವಿಲ್ಲ.

ಅಂಗಡಿಯವರು ಒಬ್ಬೊಬ್ಬರಾಗಿ ತಮ್ಮ ಗಾಲಾಗಳಿಗೆ ಮರಳಿದರು. ಚಂದ್ರವ್ವ ಹೋಟೆಲಿನ ಮುಂದಿನ ಕಟ್ಟೆಯ ಮೇಲೆ ಕೂತಳು. ನಲವತ್ತೈದು ವರ್ಷದ ಹಿಂದಿನ ನೆಲ, ಈಗ ಎಲ್ಲ ಸಿಮೆಂಟು; ಒಂದು ಹೆಜ್ಜೆ ಅತ್ತಿತ್ತ ಆದರೆ ತನ್ನ ಮಾತು ಏನಾಗುತ್ತದೆ? ಶೆಟ್ಟರು ಒಂದು ಲೋಟ ಚಹಾ ತಂದು ಪಕ್ಕದಲ್ಲಿಟ್ಟು ಹೋದರು.

ಕೊಳವೆಯಿಂದ ಸುರಿದ ಕೆಸರಿನ ಗುಡ್ಡೆಯನ್ನು ಅವಳು ನೋಡುತ್ತ ಕೂತಿದ್ದಳು. ಅದರಲ್ಲಿ ಏನೋ ಬಾಗಿದ ಚೂರು ಕಾಣಿಸಿತು. ಎದ್ದು ಹೋಗಿ ಎತ್ತಿ, ಸೆರಗಿನಿಂದ ಒರೆಸಿದಳು. ಮಣ್ಣಿನ ಗಡಿಗೆಯ ಕಂಠದ ತುಂಡು. ಮತ್ತೊಂದು ಚೂರು, ಮಗದೊಂದು. ಅವಳ ಮುಖದ ಬಿಗಿ ಸಡಿಲಿತು.

"ಲಾವಣ್ಯಾ, ಬಾ ಇಲ್ಲಿ. ನೀ ತೂತು ಹಾಕಿದ್ದು ಬಾವ್ಯಾಗ."

"ಬಾವಿ? ಮತ್ಲಬ್, ವೆಲ್?"

"ನಮ್ಮವ್ವ ನೀರ ಸೇದ್ತಿದ್ದ ಬಾವಿ. ಬಂಡ್ಯಾಗ ಕೊರದಿದ್ರು. ಬಾಯಿ ಏಳು ಮೊಳ ಅಗಲ, ಆಳ ಭಾಳ. ಹಗ್ಗ ಹರದು ಬಿದ್ದ ಗಡಗಿ ಎಷ್ಟೋ! ನೀರ ನಳ ಬಂದ ಮ್ಯಾಲ ಅದನ್ನೂ ತುಂಬಿಸಿಬಿಟ್ರು. ನಾ ಮರತಿದ್ದೆ ನೋಡು."

"ಬಟ್ ಆಂಟಿ, ಇದು ಬಾವಿ ಅಂತ ಪ್ರೂಫ್ ಬೇಕಲ್ಲ?"

"ಪ್ರೂಫ್ ಕೊಡ್ತೀನಿ. ಯಂತ್ರ ತಗಿ."

ಚಂದ್ರವ್ವ ಮೆಟ್ಟಿಲ ಮೂಲೆಗೆ ಬೆನ್ನು ಕೊಟ್ಟು ನಿಂತಳು. ಕಣ್ಣು ಮುಚ್ಚಲಿಲ್ಲ, ದೇವರನ್ನು ನೆನೆಯಲಿಲ್ಲ. ತುಂಬಿದ ಕೊಡ ಹೊತ್ತ ಹೆಂಗಸರು ಹೋಗುತ್ತಿದ್ದ ದಿಕ್ಕಿಗೆ ಎಂಟು ಹೆಜ್ಜೆ ಹಾಕಿ, ಹಿಮ್ಮಡಿಯಿಂದ ನೆಲ ಗುದ್ದಿದಳು. "ಇಲ್ಲಿ."

ಯಂತ್ರ ಸರಿಸಿ ನಿಲ್ಲಿಸಲು ಎರಡು ತಾಸು ಹಿಡಿಯಿತು. ಮೂರು ಅಡಿ ಮುರಂ ಮಣ್ಣು. ನಾಲ್ಕು ಅಡಿ. ಐದನೆಯ ಅಡಿಗೆ ಯಂತ್ರದ ಸದ್ದೇ ಬದಲಾಯಿತು, ಗಂಟಲು ಹಿಡಿದವನು ಕಿರುಚಿದಂತೆ. ನಡೆಸುವವನು ವೇಗ ತಗ್ಗಿಸಿದ. ಕೊಳವೆ ಎತ್ತಿ ತೆಗೆದಾಗ ಮೊಳದುದ್ದದ ಕಪ್ಪು ಕಲ್ಲಿನ ದುಂಡು ತುಂಡು ಜಾರಿ ಹೊರಬಂತು, ಒಂದು ಬಿರುಕಿಲ್ಲದೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತ. ಚಂದ್ರವ್ವ ಅದನ್ನು ಕೈಗೆ ತಗೊಂಡು ಬೆರಳ ಗೆಣ್ಣಿನಿಂದ ಬಡಿದಳು. ಕಲ್ಲು ಠಣ್ಣೆಂದಿತು.

"ಜೀವದ ಕಲ್ಲ," ಎಂದಳು, ನೆಲದಲ್ಲೇ ಬೇರೂರಿದ ಗಟ್ಟಿ ಬಂಡೆಗೆ ಗಣಿಯವರ ಮಾತದು. ಮೊಬೈಲ್ ರಿಪೇರಿಯವನು ಸೀಟಿ ಹೊಡೆದ.

ಮುಂಭಾಗದಲ್ಲಿ ಇನ್ನೂ ಮೂರು ಕಡೆ ಕೊರೆದರು. ಮೂರೂ ಕಡೆ ಆರಡಿಯೊಳಗೆ ಬಂಡೆ. ಹಿಂಭಾಗದಲ್ಲಿ ಕೊರೆದಾಗ ಐವತ್ತು ಅಡಿಯವರೆಗೆ ಬೂದಿ, ಚಿಂದಿ, ಟೈರು. ಕಂಬಗಳ ಬುಡ ಬಂಡೆಯನ್ನು ಮುಟ್ಟಿರಲೇ ಇಲ್ಲ. ಅವುಗಳ ಕೆಳಗಿನ ಮಣ್ಣನ್ನು ಒಡೆದ ಕೊಳಾಯಿಯ ನೀರು ಯಾವ ಕಾಲದಿಂದಲೋ ತೊಳೆಯುತ್ತಿತ್ತು. ಲಾವಣ್ಯಾ ಚಂದ್ರವ್ವನನ್ನು ಬದಿಗೆ ಕರೆದಳು.

"ಆಂಟಿ, ನೀವು ಹೇಳಿದ್ದು ಎರಡೂ ಸರಿ. ಮುಂದಿನದು ಉಳೀತದೆ, ರಿಪೇರಿ ಮಾಡಿದ್ರೆ ಸಾಕು. ಹಿಂದಿನದು ಮೊದಲಿನ ರಿಪೋರ್ಟಿಗಿಂತ ಖರಾಬ್ ಉಂಟು. ಹದಿನೈದು ದಿನದಲ್ಲಿ ಖಾಲಿ ಆಗಬೇಕು. ನಿಮ್ಮ ರೂಮ್ ಕೂಡ ಅಲ್ಲೇ ಅಲ್ವಾ?"

"ಹೌದು. ಸಭ್ಯಾಗ ಅಂದ ದಿನಾನ ಗೊತ್ತಿತ್ತು."

ಸುದ್ದಿ ಕೇಳಿ ಮುಂದಿನವರು ಪೇಢೆ ಹಂಚಿದರು. ಹಿಂದಿನ ಇಪ್ಪತ್ತಾರು ಗಾಲಾದವರು ಅದನ್ನು ಬಾಯಿಗಿಡಲಿಲ್ಲ. ಅಂದು ಸಂಜೆ ಶಿವಕುಮಾರಿ ಇಳಿದು ಬಂದಳು. ಬೀದರ ಕಡೆಯವಳು, ಮೂರನೇ ಮಹಡಿಯಲ್ಲಿ ಎಂಟು ಹೆಂಗಸರನ್ನು ಇಟ್ಟುಕೊಂಡು ಶಾಲೆಯ ಯೂನಿಫಾರ್ಮ್ ಹೊಲಿಸುತ್ತಿದ್ದಳು. ಅವಳ ಹಿಂದೆ ಆ ಎಂಟೂ ಜನ.

"ಅಕ್ಕ, ಮುಂದಿನವ್ರನ್ನ ಉಳಿಸಿದ್ರಿ. ನಮ್ಮನ್ನ ಬೀದಿಗಿ ಹಾಕಿದ್ರಿ. ಎಲ್ಲಾ ಕೆಡವಿದ್ರ ಎಲ್ಲಾರಿಗೂ ಹೊಸಾದು ಸಿಗ್ತಿತ್ತು."

"ಐದು ವರ್ಷ ಆದ ಮ್ಯಾಲ. ಅಷ್ಟರ ತನಕ ಈ ಎಂಟು ಮಂದಿ ಏನ ತಿಂತಿದ್ರು?"

"ಈಗ ಏನ ತಿಂತಾರ?"

ಚಂದ್ರವ್ವ ಎರಡು ದಿನದಿಂದ ಅದನ್ನೇ ಯೋಚಿಸಿದ್ದಳು. "ನಾಳೆ ಮುಂಜಾನಿ ಎಂಟಕ್ಕ ಬಾ. ನಿಮ್ಮ ಟೇಪ್ ತಗೊಂಡ ಬಾ," ಎಂದಳು.

ಮುಂಭಾಗದ ಮೇಲಿನ ಮಹಡಿಯಲ್ಲಿ ಸೇಠನ ಉದ್ದನೆಯ ಹಾಲು ಇಪ್ಪತ್ತು ವರ್ಷದಿಂದ ಬೀಗ ಹಾಕಿಕೊಂಡಿತ್ತು. ಅದು ಸೊಸೈಟಿಯ ಪಾಲಿಗೆ ಬಂದಿತ್ತು, ಸೊಸೈಟಿ ಅದರಲ್ಲಿ ಮುರಿದ ಕುರ್ಚಿ, ಹಳೆಯ ಬೋರ್ಡು, ಕೆಟ್ಟ ಪಂಪು ಒಟ್ಟಿತ್ತು. ಅಂಥದೊಂದು ಜಾಗವಿದೆಯೆಂದೇ ಹಲವರಿಗೆ ನೆನಪಿರಲಿಲ್ಲ. ಬೆಳಿಗ್ಗೆ ಚಂದ್ರವ್ವ ಬೀಗ ತೆಗೆದಾಗ ಶಿವಕುಮಾರಿ ಮೂಗಿಗೆ ಸೆರಗು ಹಿಡಿದು ಒಳಗೆ ಬಂದಳು. ಕಿಟಕಿಗಳನ್ನು ತಳ್ಳಿ ತೆಗೆದ ಮೇಲೆ ಸುತ್ತ ನೋಡಿ ಮೂಗಿನಿಂದ ಸೆರಗು ತೆಗೆದಳು. ಆಮೇಲೆ ಟೇಪು ಬಿಚ್ಚಿದಳು. ಒಂದು ತುದಿಯನ್ನು ಚಂದ್ರವ್ವ ಹಿಡಿದಳು.

ಮುಂದಿನ ಸಭೆಗೆ ಚಂದ್ರವ್ವ ಬಾಗಿಲ ಬಳಿ ನಿಲ್ಲಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಸೇಠನ ಉದ್ದನೆಯ ಹಾಲನ್ನು ತಾತ್ಕಾಲಿಕ ಗೋಡೆ ಹಾಕಿ ಹಂಚಿದರೆ ಹನ್ನೊಂದು ಗಾಲಾ ಆಗುತ್ತವೆ ಎಂದು ಅಳತೆ ಸಮೇತ ಹೇಳಿದಳು. ಮುಂದಿನ ಅಂಗಡಿಯವನೊಬ್ಬ ಮೆಟ್ಟಿಲಲ್ಲಿ ಜನ ಹೆಚ್ಚಾಗುತ್ತದೆಂದು ರಾಗ ತೆಗೆದ.

"ಜನ ಹೆಚ್ಚಾದ್ರೆ ವ್ಯಾಪಾರ ಹೆಚ್ಚಾಗ್ತದೆ, ಮಾರಾಯ," ಎಂದರು ಶೆಟ್ಟರು. "ನಿನ್ನ ಅಂಗಡಿ ಇವತ್ತು ನಿಂತಿದ್ದು ಯಾರಿಂದ ಅಂತ ಸ್ವಲ್ಪ ನೆನಪು ಮಾಡಿಕೋ."

ಲಾವಣ್ಯಾ ನೆಲದ ತಾಕತ್ತು ಲೆಕ್ಕ ಹಾಕಿದಳು. ಹೊಲಿಗೆ ಯಂತ್ರ ಆಗುತ್ತದೆ, ಕೊರಿಯರ್ ಆಗುತ್ತದೆ, ಟ್ಯೂಷನ್ ಆಗುತ್ತದೆ. ಛಾಪಖಾನೆಯ ಯಂತ್ರ ಆಗುವುದಿಲ್ಲ. ಛಾಪಖಾನೆಯ ಮುದುಕ ಧಾರಾವಿಯಲ್ಲಿ ಜಾಗ ಹುಡುಕಿಕೊಂಡು ಹೋದ. ಮೂವತ್ತೆರಡು ವರ್ಷ ದಿನವೂ ನಮಸ್ಕಾರ ಹೇಳುತ್ತಿದ್ದವನು ಹೋಗುವ ದಿನ ಚಂದ್ರವ್ವನ ಕಡೆ ತಿರುಗಿ ನೋಡಲಿಲ್ಲ. ಅವಳು ಅವನ ಟೆಂಪೋಗೆ ಯಂತ್ರ ಏರಿಸುವಾಗ ಹಗ್ಗ ಹಿಡಿದು ನಿಂತಿದ್ದಳು, ಕೊನೆಯವರೆಗೂ ಬಿಡಲಿಲ್ಲ. ಇನ್ನೂ ಹದಿನಾಲ್ಕು ಜನ ಹಾಗೆಯೇ ಅಲ್ಲಲ್ಲಿ ಚದುರಿದರು. ಎಲ್ಲರನ್ನೂ ಉಳಿಸಿದೆ ಎಂದು ಅವಳು ಯಾರ ಮುಂದೆಯೂ ಹೇಳಿಕೊಂಡವಳಲ್ಲ.

ಫೆಬ್ರವರಿಯಲ್ಲಿ ಹಿಂಭಾಗವನ್ನು ಕೆಡವಿದರು. ಅವಶೇಷ ತೆಗೆದು, ಓಣಿಯ ಅಂಚಿನಲ್ಲಿ ಹತ್ತಡಿ ಅಗೆದಾಗ ಮುಂಭಾಗದ ಕೆಳಗಿನ ಬಂಡೆಯ ಮೈ ಹೊರಬಿತ್ತು. ನೆಟ್ಟಗೆ ಇಳಿದ ಕರಿಯ ಗೋಡೆ, ಅದರ ಮೇಲೆ ಸಾಲಾಗಿ ಕೊರೆದ ತೂತುಗಳ ಗೀರು. ಟ್ಯೂಷನ್ ಮಕ್ಕಳು, ಹೋಟೆಲಿನ ಗಿರಾಕಿಗಳು, ದಾರಿಹೋಕರು ಬಗ್ಗಿ ಬಗ್ಗಿ ಫೋಟೋ ತೆಗೆದರು. ಚಂದ್ರವ್ವ ಅವರನ್ನೆಲ್ಲ ನಾಲ್ಕು ಹೆಜ್ಜೆ ಹಿಂದೆ ಸರಿಸಿ, ತಾನೊಬ್ಬಳೇ ಅಂಚಿಗೆ ಹೋಗಿ ನೋಡಿದಳು. ಅಪ್ಪನ ತೂತು ಯಾವುದು, ಬೇರೆಯವರದು ಯಾವುದು ಎಂದು ಹೇಳಲು ಬರುವಂತಿರಲಿಲ್ಲ. ಎಲ್ಲವೂ ಅಚ್ಚುಕಟ್ಟಾಗಿದ್ದವು.

ಲಾವಣ್ಯಾ ಅಂತಿಮ ವರದಿ ತಂದ ದಿನ ಹೋಟೆಲಿನಲ್ಲಿ ಕೂತು ಒಂದು ಪುಟ ತೆರೆದು ತೋರಿಸಿದಳು. ಸ್ಥಳದ ಹಿಂದಿನ ಸ್ಥಿತಿಯ ಬಗ್ಗೆ ಮಾಹಿತಿ ಕೊಟ್ಟವರು ಎಂದು ಅಲ್ಲಿ ಚಂದ್ರವ್ವನ ಹೆಸರಿತ್ತು. ಇಂಗ್ಲಿಷನ್ನು ನಿಧಾನವಾಗಿ ಕನ್ನಡಕ್ಕೆ ತಿರುಗಿಸಿ ಓದಿದಳು: "ಚಂದ್ರವ್ವ, ಅನ್ವರಪ್ಪನ ಮಗಳು, ಮಾಜಿ ಗಣಿ ಕಾರ್ಮಿಕಳು."

"ತಪ್ಪ ಐತಿ," ಎಂದಳು ಚಂದ್ರವ್ವ.

"ಎಂತ ತಪ್ಪು, ಆಂಟಿ?"

"ಅನ್ವರಪ್ಪ ಅಲ್ಲ. ಅಣವೀರಪ್ಪ. ಅ, ಣ, ವೀ. ತಿದ್ದು."

ಲಾವಣ್ಯಾ ಪೆನ್ನಿನಿಂದ ತಿದ್ದಹೊರಟಳು. ಚಂದ್ರವ್ವ ಅವಳ ಕೈ ಹಿಡಿದಳು.

"ಪೆನ್ನಿಲೆ ಬ್ಯಾಡ. ಬ್ಯಾರೇದು ಛಾಪಿಸ್ಕೊಂಡ ಬಾ."

ಮರುವಾರ ಹೊಸ ಪ್ರತಿ ಬಂತು, ಹೆಸರು ಸರಿಯಾಗಿತ್ತು. ಚಂದ್ರವ್ವ ಈಗ ಇರುವುದು ಮೇಲಿನ ಹಾಲಿನ ಪಕ್ಕದ ಕೋಣೆಯಲ್ಲಿ. ಗೋಡೆಯಾಚೆ ಶಿವಕುಮಾರಿಯ ಯಂತ್ರಗಳು ದಿನವಿಡೀ ಗರ್ ಎನ್ನುತ್ತವೆ. ಸಪ್ನಾ ಬಂದು ನೋಡಿ, ಡೊಂಬಿವಲಿಯ ಮಾತು ಎತ್ತದೆ ಒಂದು ಫ್ಯಾನು ಕೊಡಿಸಿ ಹೋದಳು. ಮೊನ್ನೆ ಹಾಲಿನಲ್ಲಿ ಗಾಲಾ ಪಡೆದ ಬ್ಯೂಟಿ ಪಾರ್ಲರಿನವರು ಮೆಟ್ಟಿಲ ಮೇಲೆ ನೀರು ಚೆಲ್ಲಿದ್ದಕ್ಕೆ ಚಂದ್ರವ್ವ ಆಡಿದ ಮಾತು ಕೆಳಗೆ ಹೋಟೆಲಿನವರೆಗೂ ಕೇಳಿಸಿತಂತೆ.